ವಿಲ್ಮಾ ಎತ್ತಿ ಹಿಡಿದ ನಕ್ಷೆ

ಅಕ್ಟೋಬರ್ 14, ಮಂಗಳವಾರ

ನಾಚಿಕೆ ಇನ್ನೂ ಹೋಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪಕ್ಕದ ಆ ಹಳೆಯ ಗೋದಾಮಿನ ಜಾಗ ಜನರ ಸ್ವತ್ತು. ಅಲ್ಲಿ ಮನೆ ಕಟ್ಟಬೇಕಾದರೆ ನಮ್ಮ ಕಂಪನಿ ಅಷ್ಟೇ ಬೆಲೆಯ ತನ್ನ ದಂಡೆಯನ್ನು ಬದಲಿಗೆ ಜನರಿಗೆ ಬಿಡಬೇಕು. ಆ ದಂಡೆಯನ್ನು ಅಳೆದು ನಕ್ಷೆ ಬರೆದವನು ನಾನೇ. ಅಳೆದದ್ದು ನೀರು ಇಳಿದಿದ್ದಾಗ, ಉಬ್ಬರಕ್ಕೆ ಮುಳುಗುವ ನೆಲವೂ ಕಂಪನಿಯ ಲೆಕ್ಕಕ್ಕೆ ಸೇರಿಬಿಟ್ಟಿತ್ತು!

ಅಲ್ಲೇ ಗಾಳ ಹಾಕುವ ವಿಲ್ಮಾ ಪಚೆಕೊ ಇವತ್ತು ಉಬ್ಬರದ ಹೊತ್ತಿಗೆ ಕಂಪನಿಯವರನ್ನೂ ಊರಿನವರನ್ನೂ ದಂಡೆಗೆ ಕರೆಸಿದರು. ನಕ್ಷೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತರು.

"ಉಬ್ಬರ ಮುಟ್ಟೋ ತನಕ ಮೊದ್ಲಿಂದ್ಲೂ ನಮ್ದೇ ಅಲ್ವೇನ್ರೀ, ಲಾಯರ್ ಸಾಹೇಬ್ರೇ? ನಮ್ದನ್ನೇ ನಮಗೆ ದಾನ ಮಾಡ್ತೀರಾ?"

ಕಂಪನಿಯ ವಕೀಲರು ಹೊಸದಾಗಿ ಅಳೆಸಲು ಒಪ್ಪಿದರು. ಅಳೆದವನು ಯಾರೆಂದು ಊರಿನವರು ಯಾರೂ ಕೇಳಲಿಲ್ಲ. ಅವರಿಗೆ ತಿಳಿಯುವುದಾದರೂ ಹೇಗೆ? ನಕ್ಷೆಯ ಮೂಲೆಯಲ್ಲಿದ್ದ ನನ್ನ ಸಹಿಯನ್ನು ಆ ಮಹಾತಾಯಿ ಕೊನೆಯವರೆಗೂ ಹೆಬ್ಬೆರಳಿನಲ್ಲಿ ಮುಚ್ಚಿಕೊಂಡೇ ನಿಂತಿದ್ದರು.