ಅತ್ತೆ ಆರಿಸಿದ ಫೋನು

ಮನೆಯಿಂದ,
ಗುರುವಾರ, ಹನ್ನೆರಡನೇ ತಾರೀಕು

ಪ್ರೀತಿಯ ಹಡಗಿನ ಯಜಮಾನರೇ,

ಹೇಗಿದ್ದೀರಿ? ಸೊಂಟನೋವು ಇಳಿಯಿತೇ, ಇಲ್ಲ ಇಂಜಿನ್ನು ರಿಪೇರಿ ಮಾಡುತ್ತ ನಿಮ್ಮ ರಿಪೇರಿ ಮರೆತಿದ್ದೀರೋ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಕಾಗದ ಬಂತು. ಓದಿ ಸಿಟ್ಟೂ ಬಂತು, ಅಳುವೂ ಬಂತು. ‘ಹಡಗು ಹತ್ತಬೇಡ ಅಂದರೂ ಹತ್ತಿದೆ ಅಂತ ಅಮ್ಮನಿಗೆ ಇನ್ನೂ ಕೋಪ. ಫೋನ್ ಮಾಡಿದರೆ ಹೂಂ ಹೂಂ ಅಂದು ನಿನ್ನ ಕೈಗೆ ಕೊಟ್ಟುಬಿಡುತ್ತಾಳೆ. ಅವಳಿಗೇ ಬೇಡವಾದ ಮೇಲೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿ ಇಲ್ಲೇ ಇದ್ದುಬಿಡುತ್ತೇನೆ’ ಎಂದು ಬರೆದಿದ್ದೀರಲ್ಲ, ಆ ಸಹಿ ಹಾಕುವ ಮೊದಲು ಈ ಕಾಗದವನ್ನು ಕೊನೆಯವರೆಗೂ ಓದಿ. ಅರ್ಧಕ್ಕೇ ಮಡಚಿಟ್ಟು ಊಟಕ್ಕೆ ಹೋಗಬೇಡಿ.

ಅತ್ತೆಗೆ ಹೊಸ ಫೋನು ಕೊಡಿಸು ಎಂದಿದ್ದಿರಿ. ಮೊನ್ನೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಗೆ ಕರೆದುಕೊಂಡು ಹೋದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯಸ್ಸು ಕಳೆದವರು, ಊರಿನವರನ್ನೆಲ್ಲ ಬರೀ ದನಿಯಲ್ಲೇ ಗುರುತು ಹಿಡಿಯುತ್ತಿದ್ದವರು; ಮಾತು ಚೆನ್ನಾಗಿ ಕೇಳಿಸುವ ಫೋನನ್ನೇ ಆರಿಸುತ್ತಾರೆ ಎಂದುಕೊಂಡಿದ್ದೆ. ಅಂಗಡಿಯವನು ಮೊದಲು ದಪ್ಪ ದಪ್ಪ ಗುಂಡಿಗಳ ಒಂದು ಫೋನು ಇಟ್ಟು, ‘ಇದು ವಯಸ್ಸಾದವರಿಗೆ ಅಂತಾನೇ ಮಾಡಿರೋದು, ರಿಂಗ್ ಆದ್ರೆ ಪಕ್ಕದ ಬೀದಿಗೂ ಕೇಳಿಸುತ್ತೆ’ ಅಂದ. ಅತ್ತೆ ಅದನ್ನು ಒಂದೇ ಬೆರಳಲ್ಲಿ ಅವನ ಕಡೆ ತಳ್ಳಿ, ‘ಇದನ್ನ ನಿಮ್ಮ ಅಜ್ಜಿಗೆ ಕೊಡಪ್ಪ’ ಅಂದರು. ಪಾಪ, ಅವನ ಮುಖ ನೋಡಬೇಕಿತ್ತು. ಹಿಂದೆ ನಾಲ್ಕು ಕ್ಯಾಮೆರಾ ಇರುವುದನ್ನು ತೋರಿಸಿದರೆ, ‘ನಾನೇನು ಮದುವೆ ಫೋಟೋ ತೆಗೆಯೋಕೆ ಹೋಗ್ಬೇಕಾ?’ ಬೆಲೆ ಕೇಳಲಿಲ್ಲ, ಬಣ್ಣ ನೋಡಲಿಲ್ಲ. ಒಂದು ಫೋನನ್ನು ನನ್ನ ಕೈಗಿತ್ತು, ‘ನೀನು ಆಚೆ ನಿಂತ್ಕೊಂಡು ವೀಡಿಯೋ ಕಾಲಲ್ಲಿ ಮುಖ ತೋರಿಸಿ ಮಾತಾಡಮ್ಮ, ನಾನು ಇಲ್ಲಿಂದ ಇನ್ನೊಂದರಲ್ಲಿ ನೋಡ್ತೀನಿ’ ಅಂದರು.

ಹೀಗೆ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ, ಒಳಗೆ ಫ್ಯಾನಿನ ಕೆಳಗೆ ಕೂತು ಒಂದಾದ ಮೇಲೊಂದು ಫೋನು ತಿರಸ್ಕರಿಸಿದರು. ಒಂದರಲ್ಲಿ ನನ್ನ ಮುಖ ಮಸುಕಂತೆ. ಇನ್ನೊಂದರಲ್ಲಿ ಚಿತ್ರ ತಡವರಿಸುತ್ತದಂತೆ. ಕೊನೆಯ ಫೋನಿನ ಹೊತ್ತಿಗೆ ನನಗೂ ಸಾಕಾಗಿ ಬಾಯಿಗೆ ಬಂದದ್ದು ಹೇಳತೊಡಗಿದೆ. ಸೋಪು ತಗೊಳ್ಳೋಣವೇ ಎಂದರೆ, ಬೇಡ, ಮನೇಲಿ ಎರಡಿದೆ ಎಂದರು. ಕಾಲು ಸುಡುತ್ತಿದೆ ಎಂದರೆ, ನೆರಳಿಗೆ ಸರಿದುಕೋ ಎಂದರು. ಅಷ್ಟರಲ್ಲಿ ಅಂಗಡಿಯವನು ಆಚೆ ಬಂದು, ‘ಮೇಡಂ, ನಿಮ್ಮ ಬೆರಳು ತಾಗಿ ಮೈಕ್ ಆಫ್ ಆಗಿದೆ. ಒಳಗೆ ಒಂದು ಮಾತೂ ಕೇಳಿಸ್ತಾ ಇಲ್ಲ’ ಅಂದ. ನಾನು ಬಾಗಿಲಿಂದ ಒಳಗೆ ಇಣುಕಿದೆ. ಅತ್ತೆ ಒಳಗೆ ನಗುನಗುತ್ತ, ‘ಇದೇ ಇರಲಿ, ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತೆ’ ಎನ್ನುತ್ತಿದ್ದರು.

ರೀ, ಅತ್ತೆಗೆ ಕಿವಿ ಕೇಳಿಸುತ್ತಿಲ್ಲ. ನಮ್ಮ ತುಟಿ ನೋಡಿಕೊಂಡೇ ಮಾತು ಹಿಡಿಯುತ್ತಿದ್ದಾರೆ. ಒಂದೇ ಸೂರಿನಡಿ ಇದ್ದೂ ನನಗೆ ತಿಳಿಯಲಿಲ್ಲ ನೋಡಿ! ಬೆನ್ನ ಹಿಂದಿನಿಂದ ಕರೆದರೆ ತಿರುಗದಿದ್ದಾಗ, ಇವತ್ತು ನನ್ನ ಮೇಲೆ ಯಾತಕ್ಕೋ ಮುನಿಸು ಎಂದುಕೊಂಡು ನಾನೂ ಮುಖ ಊದಿಸಿಕೊಳ್ಳುತ್ತಿದ್ದೆ. ನೀವು ಅಲ್ಲಿ, ನಾನು ಇಲ್ಲಿ, ಇಬ್ಬರೂ ಅದೇ ತಪ್ಪು ಲೆಕ್ಕ ಹಾಕಿದ್ದೇವೆ. ನಿಮ್ಮ ಫೋನು ಬಂದಾಗ ‘ಒಲೆ ಮೇಲೆ ಹಾಲಿದೆ, ನೀನೇ ಮಾತಾಡು’ ಎಂದು ಎದ್ದು ಹೋಗುತ್ತಿದ್ದರಲ್ಲ, ಎಷ್ಟೋ ಸಲ ಒಲೆಯೇ ಹಚ್ಚಿರಲಿಲ್ಲ. ಆಮೇಲೆ ನನ್ನೆದುರು ಕೂತು, ನೀವು ಹೇಳಿದ್ದನ್ನೆಲ್ಲ ಮೊದಲಿಂದ ಹೇಳಿಸಿಕೊಳ್ಳುತ್ತಿದ್ದರು. ಕೋಪ ಇದ್ದವರು ಹಾಗೆ ಕೇಳುತ್ತಾರೆಯೇ?

ಮನೆಗೆ ಬರುವ ದಾರಿಯಲ್ಲಿ ಮೆಲ್ಲಗೆ ವಿಚಾರಿಸಿದೆ. ಮೊದಲು ಜಂಬ ಬಿಡಲಿಲ್ಲ. ಆಮೇಲೆ ನಿಂತು, ‘ಊರಿಗೆಲ್ಲ ಮಾತು ಮುಟ್ಟಿಸಿದವಳು ನಾನು. ಮಗನ ಮಾತು ಕೇಳಿಸಲ್ಲ ಅಂತ ಹೇಗೆ ಹೇಳ್ಕೊಳ್ಳಲಿ? ಅವನಿಗೆ ತಿಳಿಸ್ಬೇಡ, ಕೆಲಸ ಬಿಟ್ಟು ಓಡಿ ಬರ್ತಾನೆ’ ಅಂದರು. ಕಣ್ಣು ತುಂಬಿತ್ತು. ನಾನು ತಲೆಯಾಡಿಸಿದೆ. ಕಾಗದ ಬರೆಯುವುದಿಲ್ಲ ಎಂದು ಮಾತು ಕೊಟ್ಟಿಲ್ಲ. ಮೆಸೇಜ್ ಹಾಕಿದರೆ ಅವರ ಕಣ್ಣಿಗೆ ಬೀಳುತ್ತದೆ. ಫೋನಿನಲ್ಲಿ ಹೇಳೋಣವೆಂದರೆ, ಹೊಸ ಫೋನು ಬಂದ ಮೇಲೆ ಎದ್ದು ಹೋಗದೆ ಪಕ್ಕದಲ್ಲೇ ಕೂತಿರುತ್ತಾರೆ. ಕೇಳಿಸುವುದಿಲ್ಲ ನಿಜ, ಆದರೆ ನನ್ನ ಬಾಯಿ ನೋಡುತ್ತಿರುತ್ತಾರಲ್ಲ! ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗಲು ಹೇಗೋ ಒಪ್ಪಿಸಿದ್ದೇನೆ. ನೀವು ಗಾಬರಿಯಾಗಬೇಡಿ, ಓಡಿಯೂ ಬರಬೇಡಿ. ಸಹಿಯನ್ನು ಮಾತ್ರ ಹಾಕಬೇಡಿ. ಬಂದರು ಮುಟ್ಟಿದ ದಿನ ಬೆಳಕಿಗೆ ಮುಖಮಾಡಿ ಕೂತು ವೀಡಿಯೋ ಕಾಲ್ ಮಾಡಿ, ನಿಧಾನವಾಗಿ ಮಾತಾಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಆಶೀರ್ವಾದವನ್ನು ಅವರನ್ನು ಕೇಳದೆಯೇ ಕಳಿಸುತ್ತಿದ್ದೇನೆ. ಕೇಳಿದರೆ ಯಾಕೆ ಎನ್ನುತ್ತಾರೆ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮವಳು

ಮರೆತಿದ್ದೆ: ಹೊಸ ಫೋನಿಗೆ ನಿನ್ನೆ ನಿಮ್ಮ ಫೋಟೋ ಬಂತು. ಅದೆಂಥ ಗಡ್ಡ, ಅದೆಂಥ ಮೀಸೆ! ಅತ್ತೆ ನಿಮ್ಮ ಬಾಯಿಯ ಹತ್ತಿರ ಬೆರಳಿಟ್ಟು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಆಮೇಲೆ ಫೋನನ್ನು ಮಗುಚಿಟ್ಟು ಎದ್ದು ಹೋದರು. ಕಾಲ್ ಮಾಡುವ ಮೊದಲು ಎಲ್ಲ ಬೋಳಿಸಿಕೊಳ್ಳಿ, ರೀ. ಮೀಸೆಯನ್ನೂ.