ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಂಡವರಿಗೆ

ಮಾನ್ಯ ವಿದೇಶಿ ಪಾರ್ಸೆಲ್ ತಪಾಸಣಾಧಿಕಾರಿಗಳೇ,

ನನ್ನ ಎರಡು ಸ್ತನಗಳ ಪೈಕಿ ಒಂದನ್ನು ಮಾತ್ರ ನೀವು ಬಿಡುಗಡೆ ಮಾಡಿದ್ದೀರಿ. ಇನ್ನೊಂದು ಎಂಟು ವಾರಗಳಿಂದ ನಿಮ್ಮ ಮೇಜಿನ ಮೇಲಿದೆ. ಕಾರಣವಾಗಿ ನೀವು ಕೊಟ್ಟ ಹಿಂಬರಹ ಈಗ ನನ್ನ ಕೈಯಲ್ಲಿದೆ: "ಸಿಲಿಕೋನ್ ವಸ್ತು, ಸ್ವಂತ ಉಪಯೋಗಕ್ಕೆ ಒಂದು ನಗ ಸಾಕು. ಎರಡನೆಯದು ವ್ಯಾಪಾರದ ಉದ್ದೇಶಕ್ಕೆಂದು ಭಾವಿಸಿ ತಡೆಹಿಡಿಯಲಾಗಿದೆ." ಸ್ವಾಮೀ, ಒಂದು ಸ್ತನವನ್ನು ತನಗಿಟ್ಟುಕೊಂಡು ಇನ್ನೊಂದನ್ನು ಮಾರಿ ಬದುಕುವ ಹೆಂಗಸನ್ನು ಈ ಕಲ್ಕತ್ತೆಯಲ್ಲಿ ನೀವು ಎಲ್ಲಿ ಕಂಡಿರಿ? ಅವಳ ಅಂಗಡಿ ಯಾವ ಬೀದಿಯಲ್ಲಿದೆ? ಒಂದೇ ಒಂದನ್ನು ಕೊಂಡುಕೊಂಡು ಹೋದ ಗಿರಾಕಿ ಮನೆಯಲ್ಲಿ ಅದನ್ನು ಏನು ಮಾಡುತ್ತಾಳೆ? ಇಷ್ಟನ್ನು ಯೋಚಿಸದೆ ಮೊಹರು ಒತ್ತಿದ ನಿಮ್ಮ ಕೈ ನಿಜಕ್ಕೂ ಧೈರ್ಯದ ಕೈ.

ಈ ಪತ್ರವನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಸಂಘದ ತ್ರೈಮಾಸಿಕದಲ್ಲಿ ಅಚ್ಚು ಹಾಕಿಸುತ್ತಿರುವುದಕ್ಕೂ ಕಾರಣವಿದೆ. ನಿಮ್ಮ ಕಚೇರಿಗೆ ಆರು ಸಲ ಬಂದಿದ್ದೇನೆ. ಆರೂ ಸಲ ನೀವು ನನ್ನೊಡನೆ ಆಡಿದ್ದು ಇಂಗ್ಲಿಷು. ಆದರೆ ಮೊದಲ ದಿನ, ಪಾರದರ್ಶಕ ಲಕೋಟೆಯ ಮೇಲಿನಿಂದಲೇ ಅದನ್ನು ಪೆನ್ಸಿಲಿನ ಹಿಂತುದಿಯಿಂದ ಒತ್ತಿ ನೋಡುತ್ತ, ನಿಮ್ಮಷ್ಟಕ್ಕೆ ನೀವು, "ಏನಿದು ಮಾರಾಯಾ, ಒತ್ತಿದ್ರ ಒಳಗ ಹೋಗ್ತೈತಿ, ಬಿಟ್ರ ಹೊಳ್ಳಿ ಬರ್ತೈತಿ" ಎಂದಿರಿ. ನನಗೆ ಚೆನ್ನಾಗಿ ಕೇಳಿಸಿತು. ಧಾರವಾಡದ ಕಡೆಯವರು ಒಬ್ಬರು ಸಿಕ್ಕರಲ್ಲ, ಇನ್ನು ಕೆಲಸ ಸಲೀಸು ಎಂದು ಹಿಗ್ಗಿದೆ. ನಾನು ಕನ್ನಡದಲ್ಲಿ ನಮಸ್ಕಾರ ಎಂದ ಕೂಡಲೇ ನೀವು ಕನ್ನಡಕ ಸರಿಮಾಡಿಕೊಂಡು ಮತ್ತೆ ಇಂಗ್ಲಿಷಿಗೆ ಹೋದಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಿಮಗೆ ಗೊತ್ತಿರಬೇಕು. ನನ್ನ ವಿಷಯದಲ್ಲಿ ದೇವರೂ ಕೊಟ್ಟಿರಲಿಲ್ಲ. ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಶಾಲಾ ಗೆಳತಿ ರಾಜೀವಿ ಕೊಟ್ಟಳು. ಪೂಜಾರಿ ಅರ್ಧಕ್ಕೆ ನಿಲ್ಲಿಸಿದ.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ, ನಿಮ್ಮ ಫೈಲಿನಲ್ಲಿ ನಾನು ಕೇವಲ ಒಂದು ಸಂಖ್ಯೆ. ನಾನು ಉಡುಪಿಯ ಕಡೆಯವಳು, ವಯಸ್ಸು ನಲವತ್ತು, ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಯಜಮಾನರು ರಮಾನಾಥ, ಬ್ಯಾಂಕಿನಲ್ಲಿ ಅಧಿಕಾರಿ. ಹದಿನಾಲ್ಕು ವರ್ಷಗಳಿಂದ ಲೇಕ್ ಗಾರ್ಡನ್ಸ್‌ನಲ್ಲಿದ್ದೇವೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನೀವು ಬಾಯಿಬಿಟ್ಟು ಕೇಳಲಿಲ್ಲ, ಹುಬ್ಬಿನಲ್ಲಿ ಕೇಳಿದಿರಿ. ಹುಬ್ಬಿಗೆ ಉತ್ತರ ಕೊಡುತ್ತೇನೆ.

ನಮ್ಮ ಮದುವೆಯ ದಿನ ನನ್ನ ದೊಡ್ಡಮ್ಮ ಗುಲಾಬಿ, "ಹುಡುಗಿ ಹಲಗೆ ಹಾಗೆ ಕಾಣ್ತದೆ, ಗಂಡಿನ ಕಡೆಯವ್ರು ಎಂತ ಹೇಳ್ತಾರೋ" ಎಂದು ನನ್ನ ರವಿಕೆಯೊಳಗೆ ಎರಡು ಕರ್ಚೀಫುಗಳನ್ನು ಮಡಿಸಿ ಇಟ್ಟಳು. ಸಪ್ತಪದಿಯ ನಾಲ್ಕನೆಯ ಹೆಜ್ಜೆಯಲ್ಲಿ ಎಡಗಡೆಯದು ಜಾರಿ ಸೊಂಟಕ್ಕೆ ಬಂತು. ಮುಂದಿನ ಮೂರು ಹೆಜ್ಜೆಗಳನ್ನು ನಾನು ಹೇಗೆ ಇಟ್ಟೆನೆಂದು ನನಗೆ ಗೊತ್ತು, ಅಗ್ನಿಗೆ ಗೊತ್ತು. ಫೋಟೋ ತೆಗೆಯುವವನು ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, ಒಂದು ಕ್ಷಣ ನೋಡಿ, ಬಂದು ನನ್ನ ಹಾರವನ್ನು ಎಡಕ್ಕೆ ಎಳೆದು ಸರಿಮಾಡಿ ಹೋದ. ಆ ಫೋಟೋ ಇಪ್ಪತ್ತೊಂದು ವರ್ಷಗಳಿಂದ ನಮ್ಮ ಗೋಡೆಯ ಮೇಲಿದೆ. ಬಂದವರೆಲ್ಲ, ಹಾರ ಯಾಕೆ ಸೊಟ್ಟಗಿದೆ ಎಂದು ಕೇಳುತ್ತಾರೆ. ನಗುತ್ತ ಉತ್ತರಿಸಿದ್ದೇನೆ, ಆದರೆ ಒಂದು ಸಲವೂ ನನಗೆ ನಗು ಬಂದಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಈಗಲೂ ಆಗುತ್ತದೆ, ಅಷ್ಟೇ ವಿಷಯ. ಯಜಮಾನರಂತೂ, "ನೀನು ಹೇಗಿದ್ರೂ ನಂಗೆ ಸಾಕು ಮಾರಾಯ್ತಿ" ಎಂದರು. ನನಗೆ ಸಾಕಾಗಲಿಲ್ಲವಲ್ಲ ಎಂದೆ.

ಇನ್ನು ಆಯ್ಕೆಯ ವಿಷಯ. ಶೋಕಿಗೆಂದು ಕ್ಯಾಟಲಾಗು ನೋಡಿ ತರಿಸಿದ್ದೇನೆಂದು ನಿಮ್ಮ ಟಿಪ್ಪಣಿಯಲ್ಲಿದೆ. ಇಷ್ಟು ಕಷ್ಟಪಟ್ಟು ನಾನು ಗಂಡನನ್ನೂ ಆರಿಸಿರಲಿಲ್ಲ. ಶಸ್ತ್ರಕ್ರಿಯೆ ಮಾಡಿ ಇವನ್ನು ನನ್ನ ಎದೆಯೊಳಗೆ ಇಡಬೇಕಾದ ನಮ್ಮ ಸರ್ಜನ್ ಬಾಬು ವಿಲಾಯಿತಿಯಲ್ಲಿ ಕಲಿತು ಬಂದವರು. ಸಾಮಾನು ಇಲ್ಲಿ ಸಿಗುವುದಿಲ್ಲ, ನೀವೇ ತರಿಸಿಕೊಳ್ಳಬೇಕು, ಮೊದಲು ಅಳತೆ ಗೊತ್ತುಮಾಡಿ ಎಂದರು. ನೂರೈವತ್ತು, ಇನ್ನೂರು, ಇನ್ನೂರೈವತ್ತು ಸಿ.ಸಿ. ಎಂದು ಮೂರು ಅಳತೆಗಳಿವೆ, ಒಂದೊಂದರಷ್ಟು ಅಕ್ಕಿಯನ್ನು ಕಾಲುಚೀಲದಲ್ಲಿ ಕಟ್ಟಿ ಎರಡೆರಡು ದಿನ ರವಿಕೆಯೊಳಗೆ ಇಟ್ಟುಕೊಂಡು ಓಡಾಡಿ, ಆಮೇಲೆ ಹೇಳಿ ಎಂದರು. ಕೆಮ್ಮಿನ ಔಷಧಿಯ ಗ್ಲಾಸಿನಲ್ಲಿ ರೇಷನ್ನಿನ ಕುಚ್ಚಲಕ್ಕಿ ಅಳೆದೆ. ಕಾಲುಚೀಲಗಳು ಯಜಮಾನರವು, ಬ್ಯಾಂಕಿಗೆ ಹಾಕಿಕೊಂಡು ಹೋಗುವ ಬೂದು ಬಣ್ಣದವು. ಇನ್ನೂರೈವತ್ತು ಇಟ್ಟುಕೊಂಡ ದಿನ ಟ್ರಾಮಿನ ಮೆಟ್ಟಿಲು ಕಾಣಿಸಲಿಲ್ಲ. ಬಸ್ಸಿನ ಕಂಡಕ್ಟರು ಕೂಡ, "ದೀದಿ, ಬ್ಯಾಗ್‌ಟಾ ಕೋಲೆ ನಿನ್" ಎಂದು, ಸೆರಗಿನೊಳಗಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಹೇಳಿದ. ನೂರೈವತ್ತು ಇಟ್ಟುಕೊಂಡ ದಿನ ಯಾರೂ ಏನೂ ಹೇಳಲಿಲ್ಲ, ಅದೂ ಬೇಸರವೇ.

ಇನ್ನೂರರ ದಿನ ಬಾಲಿಗಂಜ್ ಸ್ಟೇಷನ್ನಿನಲ್ಲಿ ಇಳಿದೆ. ಹಳ್ಳಿಗಳಿಂದ ಹೆಂಗಸರು ಮೈಗೆ ಅಕ್ಕಿ ಕಟ್ಟಿಕೊಂಡು ರೈಲಿನಲ್ಲಿ ಕದ್ದು ತರುವ ಕಾಲ ಇದು ಎಂಬುದು ನಿಮಗೆ ಗೊತ್ತಿದೆ. ಭೂಗೋಳ ಕಲಿಸುವ ನನಗೇ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಗೇಟಿನ ಬಳಿ ನನ್ನ ಎಡ ಕಾಲುಚೀಲದ ಗಂಟು ಸಡಿಲವಾಗಿ, ನಾನು ನಡೆದ ದಾರಿಯುದ್ದಕ್ಕೂ ಅಕ್ಕಿಕಾಳು ಬೀಳುತ್ತಿತ್ತು, ಹಿಂದೆ ಪಾರಿವಾಳಗಳು ಬರುತ್ತಿದ್ದವು. ರೈಲ್ವೆ ಪೊಲೀಸಿನ ಒಬ್ಬ ಹೆಂಗಸು ನನ್ನ ಕೈಹಿಡಿದು ಕೋಣೆಗೆ ಕರೆದುಕೊಂಡು ಹೋಗಿ ಎರಡೂ ಕಾಲುಚೀಲಗಳನ್ನು ಹೊರತೆಗೆಸಿ ಮೇಜಿನ ಮೇಲಿಟ್ಟಳು. ನನ್ನ ಹರಕು ಬಂಗಾಳಿಯಲ್ಲಿ ಎಲ್ಲವನ್ನೂ ಹೇಳಿದೆ, ಮದುವೆಯ ಕರ್ಚೀಫಿನ ಸಮೇತ. ಅವಳು ಬೇರೆ ಅಳತೆಗಳು ಎಷ್ಟೆಷ್ಟು ಎಂದು ಕೇಳಿದಳು. ಆಮೇಲೆ ಎಡ ಕಾಲುಚೀಲಕ್ಕೆ ತಾನೇ ಗಂಟು ಹಾಕಿ ಕೈಗಿತ್ತು, "ಮಾಝಾರಿಟಾಯ್ ಭಾಲೋ, ದೀದಿ" ಎಂದಳು. ಮಧ್ಯಮವೇ ಒಳ್ಳೆಯದು. ಹೀಗೆ ನನ್ನ ಅಳತೆ ನಿರ್ಧಾರವಾಯಿತು. ಆಕೆಗೆ ಹತ್ತು ನಿಮಿಷದಲ್ಲಿ ಅರ್ಥವಾದದ್ದು ನಿಮಗೆ ಎಂಟು ವಾರದಲ್ಲಿ ಆಗಿಲ್ಲ. ಆಕೆಯೂ ಸರ್ಕಾರಿ ನೌಕರಳೇ.

ಹಾಗೆಂದು ತಪ್ಪೆಲ್ಲ ನಿಮ್ಮದೇ ಎನ್ನುವುದಿಲ್ಲ, ನ್ಯಾಯ ನ್ಯಾಯವೇ. ರಾಜೀವಿ ಪಾರ್ಸೆಲ್ಲಿನ ಮೇಲೆ "ಒಂದು ಜೊತೆ" ಎಂದೇ ಬರೆದಿದ್ದಳು. ನಿಮ್ಮ ಫಾರಂ ತುಂಬಿದವರು ನನ್ನ ಯಜಮಾನರು. ಬ್ಯಾಂಕಿನವರ ಕೈ ಜೊತೆ, ಡಜನ್ ಎಂದೆಲ್ಲ ಬರೆಯುವುದಿಲ್ಲ. ಅಂಕಿಯಲ್ಲಿ 2 ಎಂದು ಬರೆದು, ಅಕ್ಷರದಲ್ಲಿ "ಎರಡು ಮಾತ್ರ" ಎಂದು ಬರೆದು, ಮುಂದೆ ಯಾರೂ ಏನೂ ಸೇರಿಸದಂತೆ ಉದ್ದಕ್ಕೆ ಗೆರೆ ಎಳೆದು, ಗೆರೆಯ ಕೊನೆಗೆ ಸಣ್ಣ ಸಹಿಯನ್ನೂ ಹಾಕಿದರು. ಆ ಗೆರೆಯೇ ನನ್ನ ಹಣೆಬರಹವಾಯಿತು. ಮರುದಿನ ಅದನ್ನು ತಿದ್ದಿಸಲು ಬಂದರೆ, ಸಲ್ಲಿಸಿದ ಮೇಲೆ ತಿದ್ದುವುದು ಅನುಮಾನಾಸ್ಪದ ಎಂದಿರಿ. ಒಂದು ಜೊತೆ ಚಪ್ಪಲಿ ಬಂದಿದ್ದರೆ ಒಂದನ್ನೇ ಬಿಡುತ್ತಿದ್ದಿರಾ ಎಂದು ಕೇಳಿದೆ. ಚಪ್ಪಲಿಯಲ್ಲಿ ಎಡ ಬಲ ಬೇರೆ ಬೇರೆ ಇರುತ್ತದೆ, ಇವು ಎರಡೂ ಒಂದೇ ತರಹ ಇರುವುದರಿಂದ ಎರಡನೆಯದು ಮೊದಲನೆಯದರ ನಕಲು ಎಂದಿರಿ. ನಿಮ್ಮ ಮನೆಯವರ ಕಿವಿಯೋಲೆಗಳೂ ಎರಡೂ ಒಂದೇ ತರಹ ಇರಬೇಕಲ್ಲ? ಅದರಲ್ಲಿ ಒಂದನ್ನು ತಡೆಹಿಡಿದು ನೋಡಿ, ಆ ಹಿಂಬರಹವನ್ನು ಯಾವ ಧೈರ್ಯದಲ್ಲಿ ಕೊಡುತ್ತೀರೆಂದು ನಾನೂ ನೋಡುತ್ತೇನೆ.

ಕಳೆದ ಮಂಗಳವಾರ ಆರನೆಯ ಸಲ ಬಂದಾಗ ಕಂಡ ದೃಶ್ಯವನ್ನು ಮಾತ್ರ ಮರೆಯಲಾರೆ. ನಿಮ್ಮ ಫ್ಯಾನು ಜೋರಾಗಿ ತಿರುಗುತ್ತಿತ್ತು. ನಿಮ್ಮ ಮೇಜಿನ ಮೇಲಿನ ಕಾಗದಗಳು ಹಾರಿಹೋಗದಂತೆ ಅವುಗಳ ಮೇಲೆ ಲಕೋಟೆಯ ಸಮೇತ ನನ್ನ ಎರಡನೆಯದು ಕೂತಿತ್ತು. ಅದರ ಕೆಳಗಿದ್ದದ್ದು ನನ್ನದೇ ಅರ್ಜಿ. ನೀವು ಕಾಗದ ಎಳೆದಾಗಲೆಲ್ಲ ಅದು ಮೆಲ್ಲಗೆ ನಡುಗುತ್ತಿತ್ತು, ನೀವು ಅದನ್ನು ಬೆರಳಿನಿಂದ ಸಮಾಧಾನಪಡಿಸುತ್ತಿದ್ದಿರಿ. ಲಕೋಟೆ ಒಡೆದಿಲ್ಲವೆಂಬುದು ನನ್ನ ಪುಣ್ಯ. ಸ್ವಾಮೀ, ಈ ಊರಿನಲ್ಲಿ ಈಗ ಅರ್ಧ ದಿನ ಕರೆಂಟೇ ಇರುವುದಿಲ್ಲ. ಫ್ಯಾನು ತಿರುಗದ ಮೇಲೆ ಕಾಗದದ ಭಾರ ನಿಮಗೆ ಯಾಕೆ?

ಸಮಯ ಹೆಚ್ಚಿಲ್ಲ ಎಂದು ಇಷ್ಟು ಬರೆಯುತ್ತಿದ್ದೇನೆ. ದುರ್ಗಾಪೂಜೆ ಮುಗಿದ ವಾರವೇ ಸರ್ಜನ್ ಬಾಬು ಎರಡು ವರ್ಷಕ್ಕೆ ವಿಲಾಯಿತಿಗೆ ಹೊರಟಿದ್ದಾರೆ. ಅಷ್ಟರೊಳಗೆ ಆಗದಿದ್ದರೆ ನನಗೆ ಆಗುವುದೇ ಇಲ್ಲ. ಒಂದನ್ನೇ ಈಗ ಹಾಕಿಬಿಡಿ, ಇನ್ನೊಂದು ಬಂದಾಗ ನೋಡೋಣ ಎಂದು ಅವರಿಗೆ ಹೇಳಿಯೂ ನೋಡಿದೆ. ಅವರು ಸ್ಟೆತಾಸ್ಕೋಪು ಕೆಳಗಿಟ್ಟು ಮುಖ ಮುಚ್ಚಿಕೊಂಡರು.

ಕೊನೆಗೆ ದಾರಿ ಹುಡುಕಿದ್ದು ಯಜಮಾನರು. ಫಾರಂ ಎಂದರೆ ಅವರಿಗೆ ದೇವರ ಮುಂದೆ ಆಣೆ ಇಟ್ಟ ಹಾಗೆ. ರೇಷನ್ ಕಾರ್ಡಿನಲ್ಲಿ ನನ್ನ ವಯಸ್ಸು ಒಂದು ವರ್ಷ ಕಡಿಮೆ ಬಿದ್ದಿದೆ ಎಂದು, ನಾನು ಬೇಡವೆಂದರೂ ಕೇಳದೆ, ಕ್ಯೂ ನಿಂತು ಸರಿಮಾಡಿಸಿಕೊಂಡು ಬಂದವರು. ಮೊನ್ನೆ ಭಾನುವಾರ ಕಾಫಿ ಕುಡಿದು ಒಂದು ಹೊಸ ಫಾರಂ ತೆಗೆದುಕೊಂಡು ಕೂತರು. ಒಬ್ಬರಿಗೆ ಒಂದು ಎಂಬುದು ನಿಯಮವಾದರೆ ತಮ್ಮ ಪಾಲಿನ ಒಂದು ಇನ್ನೂ ಹಾಗೇ ಇದೆಯಲ್ಲ ಎಂದು ತಮ್ಮ ಹೆಸರನ್ನು ಬರೆದರು. "ಯಾರ ಉಪಯೋಗಕ್ಕೆ" ಎಂಬ ಕಾಲಮ್ಮಿಗೆ ಬಂದಾಗ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ ಬ್ಯಾಂಕಿನ ಜಂಟಿ ಖಾತೆಯ ಭಾಷೆಯಲ್ಲಿ, "ಪತಿ ಪತ್ನಿಯರ ಜಂಟಿ ಉಪಯೋಗಕ್ಕೆ. ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಬದುಕುಳಿದವರು" ಎಂದು ಬರೆದು ಉದ್ದಕ್ಕೆ ಗೆರೆ ಎಳೆದರು. ಇದು ಸುಳ್ಳಾಗುವುದಿಲ್ಲವೇ ಎಂದೆ.

"ಸುಳ್ಳು ಎಂತ ಉಂಟು ಅದ್ರಲ್ಲಿ?" ಎಂದರು. "ಇಪ್ಪತ್ತೊಂದು ವರ್ಷ ಫೋಟೋದ ಎದುರು ಬಂದವ್ರಿಗೆಲ್ಲ ನೀನೊಬ್ಳೇ ಉತ್ತರ ಕೊಟ್ಟದ್ದು. ಇನ್ನು ನಾನೂ ಕೊಡ್ತೇನೆ."

ಅವರ ಕಿವಿ ಕೆಂಪಾಗಿತ್ತು. ನಾನು ನಕ್ಕೆ, ನಗುತ್ತ ನಗುತ್ತ ಅತ್ತುಬಿಟ್ಟೆ. ಅಡುಗೆಮನೆಯಿಂದ ಮಗಳು ಶೋಭನಾ ಬಂದು, "ವಾಟ್ ಹ್ಯಾಪನ್ಡ್, ಅಮ್ಮ?" ಎಂದು ಕೇಳಿದಳು. ಏನೂ ಇಲ್ಲ, ಅಪ್ಪ ಒಂದು ಫಾರಂ ತುಂಬಿದರು ಎಂದೆ.

ಆ ಫಾರಂ ಈ ಪತ್ರದ ಪ್ರತಿಯೊಡನೆ ನಿಮ್ಮ ಕಚೇರಿಗೆ ಬರುತ್ತಿದೆ. ನನ್ನ ಬೇಡಿಕೆ ಇಷ್ಟೇ: ಮಹಾಲಯದೊಳಗೆ, ಶ್ರೀ ರಮಾನಾಥರ ಪಾಲಿನ ಒಂದು ನಗವನ್ನು ಅವರಿಗೆ ಬಿಡುಗಡೆ ಮಾಡಿ. ನಿಮ್ಮ ಕಾಗದಗಳು ಹಾರಿಹೋಗುವ ಚಿಂತೆ ಬೇಡ. ಬದಲಿಗೆ ಒಂದು ಬೂದು ಬಣ್ಣದ ಕಾಲುಚೀಲವನ್ನು ಜೊತೆಗೆ ಕಳಿಸಿದ್ದೇನೆ. ಕುಚ್ಚಲಕ್ಕಿ, ಮಧ್ಯಮ ಅಳತೆ, ಗಂಟು ಪೊಲೀಸಿನವರದ್ದು. ಒಂದೇ ಕಳಿಸಿದ್ದೇನೆ, ಎರಡು ಕಳಿಸಿದರೆ ನೀವು ಒಂದನ್ನು ವ್ಯಾಪಾರಕ್ಕೆಂದು ಭಾವಿಸುತ್ತೀರಿ.

ಎಲ್ಲ ಸರಿಹೋದರೆ ವಿಜಯದಶಮಿ ಕಳೆದು ಒಂದೆರಡು ತಿಂಗಳಲ್ಲಿ ನಾವಿಬ್ಬರೂ ಇನ್ನೊಂದು ಫೋಟೋ ತೆಗೆಸಿಕೊಳ್ಳಬೇಕೆಂದಿದ್ದೇವೆ. ಸ್ಟುಡಿಯೋದವನಿಗೆ ಈಗಲೇ ಹೇಳಿಟ್ಟಿದ್ದೇನೆ, ಹಾರ ಬೇಡ ಎಂದು.

ಇಂತಿ,
ಸರ್ಕಾರದ ಲೆಕ್ಕದಲ್ಲಿ ಸದ್ಯಕ್ಕೆ ಅರ್ಧ ಮಾತ್ರ ಬಿಡುಗಡೆಯಾಗಿರುವ,
ಜಲಜಾಕ್ಷಿ ರಮಾನಾಥ
ಲೇಕ್ ಗಾರ್ಡನ್ಸ್, ಕಲ್ಕತ್ತಾ
ಭಾದ್ರಪದ, 1974