ಹೆಜ್ಜೆ ಕೂಡದ ನಡಿಗೆ

ಮೆಟುಚೆನ್, ಮಾರ್ಚ್ ೨೦೦೯

ಅಪ್ಪಾ,

ಈ ಪರದೇಶದಲ್ಲಿ ಕೆಲಸ ಹೋಯಿತು, ಅದರ ಹಿಂದೆಯೇ ಮನೆಯೂ. ಈಗಿರುವುದು ಲಿಫ್ಟ್ ಇಲ್ಲದ ಮೂರನೇ ಮಹಡಿ. ಇವತ್ತು ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ಯಲು ನಾನೂ ತಮ್ಮ ಜಯಶೀಲನೂ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದೆವು. ಪಾರ್ಕಿಂಗ್ ಲಾಟ್ ತುಂಬ ಹಿಮ. ನಾನು "ಒನ್, ಟೂ" ಎಂದು ಎಣಿಸಿದಂತೆಲ್ಲ ಕುರ್ಚಿ ತೂಗಾಡಿತು.

ಕೂತಲ್ಲಿಂದಲೇ ಅಮ್ಮ ಕೂಗಿದಳು: "ಇಬ್ರೂ ಒಂದೇ ಕಾಲು ಹಾಕಬೇಡ್ರೋ! ಒಬ್ಬಂದು ಎಡಗಾಲಾದ್ರೆ ಇನ್ನೊಬ್ಬಂದು ಬಲಗಾಲು. ಬರ್ಮಾದಲ್ಲಿ ನಿಮ್ಮಪ್ಪ ಸ್ಟ್ರೆಚರ್ ಹೊತ್ತಿದ್ದು ಹಾಗೇ. ಇಲ್ಲಾಂದ್ರೆ ಅದು ಓಲಾಡಿ ಗಾಯ ನೋಯುತ್ತೆ ಅಂತಿದ್ರು."

ಹಾಗೇ ನಡೆದೆವು. ಕುರ್ಚಿ ಅಲುಗಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ಫೀಲ್ಡ್ ಆಂಬ್ಯುಲೆನ್ಸ್ ದಳ ಸೇರಿದ್ದ ಮೆಥಡಿಸ್ಟ್ ಸಭಾಪಾಲಕರು ನೀವು. ಪ್ರತಿ ಭಾನುವಾರ ಗಂಟೆಗಟ್ಟಲೆ ಬೋಧಿಸುತ್ತಿದ್ದವರು ಬದುಕಿದ್ದಾಗ ನನಗೆ ಇದೊಂದು ಮಾತು ಹೇಳಬಾರದಿತ್ತೇ? ನಿಮ್ಮ ತಾಯಿಯ ಶವಪೆಟ್ಟಿಗೆ ಹೊತ್ತ ದಿನ ನಿಮ್ಮ ಹೆಜ್ಜೆ ಮಾತ್ರ ಉಳಿದವರ ಜೊತೆ ಕೂಡುತ್ತಿರಲಿಲ್ಲ. "ಎಲ್ರೂ ನೋಡ್ತಿದಾರೆ. ನಿಮಗೆ ನಡೆಯೋಕೇ ಬರಲ್ಲ, ಬಿಡಿ ಇಲ್ಲಿ" ಎಂದು ಗದರಿದೆ. ನೀವು ಹಿಡಿಯನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದಿರಿ.

ಅಜ್ಜಿಯ ಪೆಟ್ಟಿಗೆ ಗೋರಿಯವರೆಗೂ ಓಲಾಡುತ್ತಲೇ ಹೋಯಿತು.